ಹೂ ಮುಡಿದವರು ಹೊರಗೆ ನಿಲ್ಲಬೇಕಿದ್ದ ಶೆಡ್

ಮೊಯ್ದು ಕಾಕನ ಶೆಡ್ಡಿಗೆ ಹೂ ಮುಡಿದು ಹೋಗುವಂತಿರಲಿಲ್ಲ. ಸೆಂಟು ಹಚ್ಚಿದ ಸಾಹೇಬರಿಗೂ ಬೀಡಿ ಸೇದುವ ಲಾರಿಯವರಿಗೂ ಅದೇ ರೂಲು. "ದೂರ, ದೂರ! ಮೂಗು ಕೆಡ್ತದೆ," ಎಂದು ಸ್ಪ್ಯಾನರ್ ಬೀಸಿ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಆಮೇಲೆ ಬಾನೆಟ್ ಎತ್ತಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ಬಗ್ಗುವರು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ನಮ್ಮ ಮದರ್ ಸುಪೀರಿಯರ್ ಕೂಡ ಅಷ್ಟು ಭಕ್ತಿಯಿಂದ ಬಗ್ಗಿದ್ದನ್ನು ನಾನು ಕಂಡಿಲ್ಲ. ಒಂದು ಸಲ ಉಸಿರೆಳೆದರೆ ಕಾರಿನ ಕಾಯಿಲೆ ಹೇಳಿಬಿಡುವರು. ಜನ ಬರುತ್ತಿದ್ದುದೇ ಆ ಮೂಗಿಗೆ.

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ಮಡಿಕೇರಿಯನ್ನು ನಾವು ಕಾನ್ವೆಂಟ್ ಹುಡುಗಿಯರು ಸ್ಟೈಲಾಗಿ ಮರ್ಕೆರಾ ಎನ್ನುತ್ತಿದ್ದೆವು. ಕಾಕ ಮಲೆಯಾಳದ ಕಡೆಯಿಂದ ಮಾಕುಟ್ಟದ ಘಾಟಿ ಹತ್ತಿ ಬಂದವರು. ಎಷ್ಟು ವರ್ಷ ಇಲ್ಲಿದ್ದರೂ ವಾಸನೆಗೆ ಅವರ ಬಾಯಲ್ಲಿ 'ಮಣ' ಎಂದೇ ಬರುತ್ತಿತ್ತು. ನನ್ನನ್ನು 'ಮೋಳೇ' ಎಂದು, ಮಗಳೇ ಎಂದು ಕರೆಯುತ್ತಿದ್ದರು. ಓದು ಮುಗಿಸಿ, ಸೋಮವಾರಪೇಟೆ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಗಂಡು ಬರುವುದನ್ನು ಕಾಯುತ್ತ ಕೂತಿದ್ದ ನನಗೆ, ಅಪ್ಪಯ್ಯನ ಜೊತೆ ಮರ್ಕೆರಾಕ್ಕೆ ಹೋಗುವುದೇ ದೊಡ್ಡ ಔಟಿಂಗ್.

ಆ ವರ್ಷ ಮಳೆ ಮುಗಿದ ಮೇಲೆ ನಮ್ಮ ಕರಿ ಕಾರಿನಲ್ಲಿ ಎಣ್ಣೆ ಸುಟ್ಟ ವಾಸನೆ ಶುರುವಾಯಿತು. ಕಾಕ ಒಮ್ಮೆ ಬ್ರೇಕ್ ಬಿಚ್ಚಿದರು. ಇನ್ನೊಮ್ಮೆ ಗೇರ್ ಬಾಕ್ಸ್ ಬಿಚ್ಚಿದರು. ವಾಸನೆ ಹೋಗಲಿಲ್ಲ. ಮೂರನೇ ಸಲ ಅಪ್ಪಯ್ಯನಿಗೆ ರೇಗಿತು.

"ನಿನ್ನ ಮೂಗಿಗೆ ಏನು ಬಂತೋ ಮೊಯ್ದು? ಇವತ್ತೂ ಸರಿ ಆಗ್ಲಿಲ್ಲ ಅಂದ್ರೆ ಕಾರು ಮೈಸೂರಿಗೆ. ನಾನು ಹೋದ್ರೆ ನಮ್ಮ ಕಡೆ ಪ್ಲಾಂಟರ್ಸ್ ಎಲ್ಲ ನನ್ನ ಹಿಂದೇನೇ ಬರ್ತಾರೆ, ತಿಳ್ಕೋ."

ಕಾಕ ನಕ್ಕರು, ಆದರೆ ಮುಖ ಬಿಳಿಚಿಕೊಂಡಿತ್ತು. "ಒಂದು ಟ್ರಯಲ್ ನೋಡುವ ಸಾವ್ಕಾರ್ರೇ. ನೀವು ಕಚೇರಿ ಕೆಲಸ ಮುಗಿಸಿ ಬನ್ನಿ. ಮೋಳೇ, ನೀ ಕೂತ್ಕೋ."

ಕಾಕ ನನಗೆ ಅಜ್ಜನ ವಯಸ್ಸಿನವರು, ಹಾಗಾಗಿ ಅಪ್ಪಯ್ಯ ನನ್ನನ್ನು ಕಳಿಸಲು ಒಪ್ಪಿದರು. ಊರಾಚೆಯ ಏರು ಹತ್ತುತ್ತ ಕಾಕ ಪಾಠ ಶುರುಮಾಡಿದರು.

"ಇಂಜಿನ್ ಎಣ್ಣೆ ಸುಟ್ರೆ ಹಪ್ಪಳ ಕರಿದ ಹಳೇ ಎಣ್ಣೆ ಮಣ. ಬ್ರೇಕ್ ಸುಟ್ರೆ ಇಸ್ತ್ರಿಪೆಟ್ಟಿಗೆ ಕೆಳಗೆ ಬಟ್ಟೆ ಸುಟ್ಟ ಮಣ. ಗೇರ್ ಎಣ್ಣೆ ಆದ್ರೆ ಕೊಳೆತ ಮೊಟ್ಟೆ."

"ಮೊಟ್ಟೆ ನಮ್ಮನೇಲಿ ಎಲ್ಲಿ ಕಾಕ? ನಾವು ಲಿಂಗ ಕಟ್ಟಿದವರು."

"ಅಯ್ಯೋ, ಅದುಂಟಲ್ಲ! ಹಾಗಾದ್ರೆ ಬೆಂಕಿಕಡ್ಡಿ ಗೀರಿದ ಮಣ. ಹೇಳು, ಈಗ ಎಂತ ಮಣ?"

"ಹಪ್ಪಳ."

"ಸರಿಯಾಗಿ ನೋಡು. ಯಾವಾಗ ಜಾಸ್ತಿ?"

"ಬಲಕ್ಕೆ ತಿರುಗಿದಾಗ. ಎಡಕ್ಕೆ ತಿರುಗಿದ್ರೆ ಇಲ್ಲ."

ಕಾಕ ಗಕ್ಕನೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ಎಡಗಡೆಯಿಂದ ನೀಲಿ ಹೊಗೆ ಭಗ್ಗೆಂದು ಎದ್ದಿತು. ನಾನು ಕರ್ಚೀಫು ಮುಖಕ್ಕೆ ಒತ್ತಿಕೊಂಡೆ. ಕಾಕ ಅದೇ ಹೊಗೆಯೊಳಗೆ ಮುಖವಿಟ್ಟು ನನ್ನನ್ನು ಕೇಳಿದರು, "ಈಗಲೂ ಉಂಟಾ ಮಣ?"

ನನಗೆ ಹೊಳೆಯಿತು. ಅವರು ಕಲಿಸುತ್ತಿರಲಿಲ್ಲ, ಕೇಳುತ್ತಿದ್ದರು.

"ಕಾಕ, ನಿಮಗೆ ವಾಸನೆ ಬರ್ತಾ ಇಲ್ವಾ?"

ಅವರು ಒಂದೊಂದೇ ಬೆರಳನ್ನು ಬಟ್ಟೆಯಲ್ಲಿ ಒರೆಸಿಕೊಂಡರು. "ಕಕ್ಕಡ ತಿಂಗಳ ಜಡಿಮಳೇಲಿ ಜ್ವರ ಬಂತಲ್ಲ ಮೋಳೇ, ಹೋಗುವಾಗ ಮೂಗನ್ನೂ ತಕ್ಕೊಂಡು ಹೋಯ್ತು. ಕೈ ಉಂಟು, ಕಣ್ಣುಂಟು. ಆದ್ರೆ ಜನ ಬರೋದು ಮೂಗಿಗಲ್ವಾ? ಅಪ್ಪಯ್ಯನಿಗೆ ಹೇಳ್ಬೇಡ."

"ಪ್ರಾಮಿಸ್," ಎಂದೆ.

ಕಾಕ ಇಂಜಿನ್ ತಣ್ಣಗಾದ ಮೇಲೆ ಅದನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ನನ್ನ ಹ್ಯಾಂಡ್‌ಬ್ಯಾಗಿನ ಪೌಡರ್ ಡಬ್ಬಿ ಕೇಳಿ ಇಸಿದುಕೊಂಡು, ಅಷ್ಟನ್ನೂ ಅದರ ಮೇಲೆ ಉದುರಿಸಿದರು. ಬಲಕ್ಕೆ ಎರಡು ತಿರುವು ಹೊಡೆದು ಬಂದು ನೋಡಿದರೆ, ಬಿಳಿ ಪೌಡರಿನ ಮೇಲೆ ಕಾಡಿಗೆ ತೀಡಿದಂಥ ಗೆರೆ. ಇಂಜಿನ್ನಿನ ಮೇಲು ಮುಚ್ಚಳದ ಕೆಳಗೆ ಕೂರಿಸುವ ಕಾರ್ಕ್ ಪಟ್ಟಿ ಸೀಳಿತ್ತು. ಬಲ ತಿರುವಿನಲ್ಲಿ ಎಣ್ಣೆ ಎಡಕ್ಕೆ ವಾಲಿ, ಆ ಸೀಳಿನಿಂದ ಜಿನುಗಿ, ಕಾದ ಹೊಗೆ ಪೈಪಿನ ಮೇಲೆ ಬೀಳುತ್ತಿತ್ತು. ಶೆಡ್ಡಿಗೆ ಮರಳಿ ಕಾಕ ಹೊಸ ಪಟ್ಟಿ ಕತ್ತರಿಸಿ ಕೂರಿಸಿದರು. ತಿರುಪುಗಳನ್ನು ಈ ತುದಿಗೆ ಒಂದು ಸುತ್ತು, ಆ ತುದಿಗೆ ಒಂದು ಸುತ್ತು, ಮಗುವಿಗೆ ಕುಲಾವಿ ಕಟ್ಟುವ ಹಾಗೆ ಬಿಗಿದರು. "ಒಂದೇ ಕಡೆ ಬಿಗಿದ್ರೆ ಇನ್ನೊಂದು ಕಡೆ ಬಾಯಿ ಬಿಡ್ತದೆ."

ಅಪ್ಪಯ್ಯ ಬಂದು, ತಾವೇ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದರು. ಕಾಕ ಕೈ ಹಿಂದೆ ಕಟ್ಟಿ, ಬಗ್ಗಿ, ಕಣ್ಣು ಮುಚ್ಚಿದರು. ಮುಚ್ಚುವ ಮೊದಲು ಒಂದು ಓರೆನೋಟ ನನ್ನ ಕಡೆ. ವಾಸನೆಯ ಸುಳಿವೂ ಇರಲಿಲ್ಲ. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ 'ಇಲ್ಲ' ಎಂದು ತಲೆಯಾಡಿಸಿದೆ.

"ಶುದ್ಧ!" ಎಂದರು ಕಾಕ.

"ಏನೇ ಅನ್ನು, ನಿನ್ನ ಮೂಗು ಮೂಗೇ ಮಾರಾಯ," ಎಂದರು ಅಪ್ಪಯ್ಯ.

ಸುಳ್ಳು ಹೇಳಬಾರದೆಂದು ಸಿಸ್ಟರ್ಸ್ ಕಲಿಸಿದ್ದರು. ನಾನು ಹೇಳಲಿಲ್ಲ, ಯಾರೂ ನನ್ನನ್ನು ಕೇಳಲೇ ಇಲ್ಲ.

ಮದುವೆಯಾಗುವವರೆಗೂ ಮರ್ಕೆರಾಕ್ಕೆ ಹೋಗಲು ನನಗೆ ಏನಾದರೊಂದು ನೆಪ ಸಿಗುತ್ತಿತ್ತು. "ಮೋಳೇ, ಎಂತ ಮಣ?" ಎಂದು ಕಾಕ ಎಲ್ಲರೆದುರು ಮೇಷ್ಟ್ರ ಹಾಗೆ ಗದರುವರು, ನಾನು ಪಾಠ ಒಪ್ಪಿಸುವೆ. ನಾನಿಲ್ಲದ ದಿನ ಹೇಗೆ ನಿಭಾಯಿಸುತ್ತಿದ್ದರೋ, ಗೊತ್ತಿಲ್ಲ. ಹೂವಿನ ರೂಲು ಮಾತ್ರ ಸಡಿಲಾಗಲಿಲ್ಲ, ಮೊದಲಿಗಿಂತ ಜೋರಾಯಿತು.

ಅವರನ್ನು ಕೊನೆಯ ಸಲ ಕಂಡದ್ದು, ಕೊಡಗು ಮೈಸೂರಿಗೆ ಸೇರಿದ ಮೇಲೆ ತವರಿಗೆ ಬಂದಾಗ. ಶೆಡ್ ಖಾಲಿಯಿತ್ತು. ಕಾಕ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಾನು ಹಳೆಯ ಅಭ್ಯಾಸದಂತೆ ಬಾಗಿಲಲ್ಲೇ ನಿಂತು ಜಡೆಯ ಮಲ್ಲಿಗೆಗೆ ಕೈ ಹಾಕಿದೆ.

"ತೆಗೀಬೇಡ ಮೋಳೇ, ಒಳಗೆ ಬಾ. ಶೆಡ್ ಬೇರೆಯವರಿಗೆ ಕೊಟ್ಟಾಯ್ತು, ನಾಡಿದ್ದು ಊರಿಗೆ ಹೋಗೋದು. ಇನ್ನು ಯಾರಿಗೆ ಮೂಗು ತೋರಿಸ್ಲಿಕ್ಕುಂಟು?"

ಪಕ್ಕದಲ್ಲಿ ಕೂತೆ. ಕಾಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕಣ್ಣು ಮುಚ್ಚಿ, ನನ್ನ ಜಡೆಯ ಕಡೆ ಒಂದಿಷ್ಟು ಬಗ್ಗಿದರು.

"ಎಂತ ಮಣ, ಹೇಳು."

ಹಪ್ಪಳ, ಇಸ್ತ್ರಿಪೆಟ್ಟಿಗೆ, ಬೆಂಕಿಕಡ್ಡಿ. ಅವರು ನನಗೆ ಕಲಿಸಿದ್ದು ಅಷ್ಟೇ. ಅಷ್ಟು ವರ್ಷ ಓದಿದ ಇಂಗ್ಲಿಷಿನಲ್ಲೂ ಮಲ್ಲಿಗೆಗೆ ಒಂದು ಮಾತು ಸಿಗಲಿಲ್ಲ.

"ಏನೂ ಸುಟ್ಟಿಲ್ಲ ಕಾಕ," ಎಂದೆ.