ಒಂದು ಪತ್ರಿಕೆ, ಮೂರು ಸಂಪಾದಕೀಯ

ಒಂದೇ ಸಂಚಿಕೆಯಲ್ಲಿ ಮೂರು ಸಂಪಾದಕೀಯಗಳಿರುವ ಪತ್ರಿಕೆಯನ್ನು ನೀವು ಓದಿದ್ದೀರಾ? ನಾನು ಓದಿದ್ದೇನೆ. ಮೂರರಲ್ಲಿ ಒಂದನ್ನು ಬರೆದವನೂ ನಾನೇ.

ಅರಕಲಗೂಡಿನ ವಾರಪತ್ರಿಕೆಯ ಶಾಮಣ್ಣ ಟೈಫಾಯಿಡ್ ಆಗಿ ಹಾಸನದ ಆಸ್ಪತ್ರೆ ಸೇರಿದ್ದು ಕಳೆದ ಸೋಮವಾರ. ಶುಕ್ರವಾರ ಪತ್ರಿಕೆ ಹೊರಬರಬೇಕು. ಸಂಪಾದಕ, ವರದಿಗಾರ, ಪ್ರೂಫ್ ನೋಡುವವ, ಅಂಚೆಗೆ ಹಾಕುವವ ಎಲ್ಲವೂ ಅವನೊಬ್ಬನೇ. ಒಂದು ವಾರ ತಪ್ಪಿದರೆ ಪತ್ರಿಕೆ ನಿಂತೇಹೋಯಿತೆಂದು ಊರು ಮಾತಾಡುತ್ತದೆ. ಹಾಗೆ ಅನ್ನಿಸಿಕೊಂಡ ಪತ್ರಿಕೆ ಮತ್ತೆ ಎದ್ದದ್ದನ್ನು ನಾನಂತೂ ಈ ಜಿಲ್ಲೆಯಲ್ಲಿ ಕಂಡಿಲ್ಲ.

ಇದಕ್ಕೆಂದೇ ಅಲ್ಲವೇ ನಮ್ಮ ಸಂಘ ಹುಟ್ಟಿದ್ದು? ಕನ್ನಡನಾಡು ಒಂದಾಗಿ ರಾಜ್ಯ ದೊಡ್ಡದಾದ ಹೊಸತರಲ್ಲಿ, ಕಾಗದ ಸಿಗದೆ ಪರದಾಡುತ್ತಿದ್ದ ನಾವು ನಾಲ್ಕು ಊರಿನ ಪತ್ರಿಕೆಯವರು ಹಾಸನದ ಹೋಟೆಲೊಂದರ ಮಹಡಿಯಲ್ಲಿ ಕೂತು ಕಟ್ಟಿದ ಸಂಘ ಅದು. ಕಾಗದ ಹಂಚಿಕೊಂಡೆವು, ಅಚ್ಚುಮೊಳೆ ಎರವಲು ಕೊಟ್ಟೆವು. ಒಬ್ಬ ಹಾಸಿಗೆ ಹಿಡಿದರೆ ಉಳಿದವರು ಅವನ ಸಂಚಿಕೆ ತರಬೇಕೆಂದು ನಿಯಮ ಮಾಡಿದೆವು. ಆಮೇಲೆ ಯಾರೋ ಯಾರದೋ ಲೇಖನ ಕತ್ತರಿಸಿ ಜಗಳವಾದಾಗ ಇನ್ನೊಂದು ನಿಯಮ ಬಂತು: ಒಬ್ಬ ಸದಸ್ಯನ ಬರಹವನ್ನು ಇನ್ನೊಬ್ಬ ಮುಟ್ಟಕೂಡದು. ಇದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. (ಉಳಿದಂತೆ ಈಗ ನಾವು ಸೇರುವುದು ಹಾರ ಹಾಕಿಕೊಳ್ಳುವುದಕ್ಕೆ, ಫೋಟೋ ತೆಗೆಸಿಕೊಳ್ಳುವುದಕ್ಕೆ.)

ಗುರುವಾರ ಹಾಸನದ ಪ್ರೆಸ್ಸಿನಲ್ಲಿ ಕೂಡಿದೆವು. ಅಧ್ಯಕ್ಷ ನಂಜುಂಡಯ್ಯನವರು (ಪ್ರೆಸ್ಸು ಅವರದೇ, ಆದ್ದರಿಂದ ಖಾಯಂ ಅಧ್ಯಕ್ಷರು) ಜೇಬಿನಿಂದ ವಿಶ್ವಶಾಂತಿಯ ಬಗ್ಗೆ ಬರೆದದ್ದನ್ನು ತೆಗೆದರು. ಚನ್ನರಾಯಪಟ್ಟಣದ ಪುಟ್ಟಸ್ವಾಮಿ ಪಂಚವಾರ್ಷಿಕ ಯೋಜನೆಯನ್ನು ತಂದಿದ್ದರು. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದ ನಾನು ತಂದದ್ದು ಪತ್ರಿಕಾಧರ್ಮ.

ಕಂಪೋಸಿಟರ್ ಜವರಯ್ಯ ಮೂರನ್ನೂ ತಿರುವಿ ನೋಡಿದ. "ಇವೆಲ್ಲಾ ಸಂಪಾದಕೀಯ ಕಣ್ ಸಾ. ಸುದ್ದಿ ಎಲ್ಲೈತೆ?"

ಸುದ್ದಿಯನ್ನು ಇನ್ನೊಬ್ಬರು ತರುತ್ತಾರೆಂದು ಮೂವರೂ ಅಂದುಕೊಂಡಿದ್ದೆವು.

"ಒಂದ್ ಇಟ್ಕೊಂಡು ಮಿಕ್ಕಿದ್ದು ಬಿಡಾಣ. ಯಾರಾದ್ರೂ ಅರಕಲಗೂಡಿಗೆ ಹೋಗಿ ಸುದ್ದಿ ತರ್ಲಿ" ಎಂದರು ಪುಟ್ಟಸ್ವಾಮಿ.

"ಯಾರ್ದು ಬಿಡಾಣ?" ಎಂದರು ಅಧ್ಯಕ್ಷರು.

ಅಲ್ಲಿಗೆ ಮಾತು ಮುಗಿಯಿತು. ನಿನ್ನದನ್ನು ನೀನೇ ವಾಪಸ್ ತೆಗೆದುಕೊಳ್ಳಬಹುದಿತ್ತಲ್ಲ ಅನ್ನುತ್ತೀರಾ? ಅವರೂ ತೆಗೆದುಕೊಳ್ಳಬಹುದಿತ್ತು. ಅರಕಲಗೂಡಿಗೆ ಹೋಗಿಬರುವಷ್ಟು ಪುರಸೊತ್ತು ಯಾರಿಗಿದೆ? ಮೂರೂ ಅಚ್ಚಾದವು. ಮಿಕ್ಕ ಜಾಗ ತುಂಬಲು ಬಟ್ಟೆ ಅಂಗಡಿಯ ಜಾಹೀರಾತನ್ನು ಹಿಗ್ಗಿಸಿದೆವು. ಸಂಘದ ಸೇವೆಗಾಗಿ ನಮ್ಮನ್ನು ನಾವೇ ಅಭಿನಂದಿಸಿಕೊಂಡು ಒಂದು ನಿರ್ಣಯವನ್ನೂ ಮಾಡಿದೆವು. ಸಾಕಾಗಿದೆ ಸ್ವಾಮಿ, ಈ ನಿರ್ಣಯಗಳಿಗೆ ಕೈ ಎತ್ತಿ ಎತ್ತಿ ನನಗೆ ಸಾಕಾಗಿದೆ.

ಶನಿವಾರ ಒಂದು ಪ್ರತಿ ಹಿಡಿದು ಆಸ್ಪತ್ರೆಗೆ ಹೋದೆ. ಶಾಮಣ್ಣ ಅರ್ಧಕ್ಕೆ ಇಳಿದಿದ್ದ. ದಿಂಬಿಗೆ ಒರಗಿಕೊಂಡು ಮೊದಲ ಪುಟ ನೋಡಿದ, ಒಳಗೆ ತಿರುವಿದ, ಕೊನೆಯ ಪುಟವನ್ನೂ ನೋಡಿದ. ಏನನ್ನೋ ಹುಡುಕುತ್ತಿದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ.

"ಹೆಂಗೋ ವಾರ ತಪ್ಪಲಿಲ್ಲ ಬಿಡು" ಎಂದೆ.

ಅವನು ಪತ್ರಿಕೆಯನ್ನು ಮಡಚಿ ಎದೆಯ ಮೇಲಿಟ್ಟುಕೊಂಡ.

"ಅದಿರ್ಲಿ ಕಣಯ್ಯಾ. ಈ ವಾರ ನಮ್ಮೂರಲ್ಲಿ ಯಾರೂ ಹುಟ್ಲಿಲ್ವಾ, ಯಾರೂ ಸಾಯ್ಲಿಲ್ವಾ?"