ಬೆದರಿದ ನಾಗಪ್ಪ

ಸದಾಶಿವ ಪೇಠದಲ್ಲಿ ನಾವು ಬಾಡಿಗೆಗಿದ್ದ ಮನೆ ಈಗ ಸ್ಮಾರಕ. ನಮ್ಮದಲ್ಲ, ನಮಗಿಂತ ಎಷ್ಟೋ ಮೊದಲು ಅಲ್ಲಿದ್ದ ಒಬ್ಬ ಮರಾಠಿ ಪಂಡಿತರದು. ಮಣ್ಣಿನ ಗೋಡೆ, ಹೆಂಚಿನ ಛಾವಣಿ, ತಲೆ ಬಗ್ಗಿಸದಿದ್ದರೆ ಹಣೆಗೆ ಬಡಿಯುವ ಬಾಗಿಲು. ಮುಂದೊಂದು ಕೋಣೆ, ನಡುವೆ ಒಂದು, ಹಿಂದೆ ಹೊಗೆ ಹಿಡಿದ ಅಡಿಗೆಮನೆ. ಅಟ್ಟದ ಮೇಲೆ ಇಲಿಗಳ ಸಂಸಾರ. ಇದನ್ನು ಟಿಕೆಟ್ ತೆಗೆದು ನೋಡುತ್ತಾರಂತೆ! ಸೋರುವಲ್ಲೆಲ್ಲ ಪಾತ್ರೆ ಇಟ್ಟು, ಉಳಿದ ಜಾಗದಲ್ಲಿ ಮಲಗಿದವರನ್ನು ಕೇಳಬೇಕು.

ಶ್ರಾವಣದ ಪಂಚಮಿ ಬಂದರೆ ಅವ್ವ ಒಲೆಯ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದು, ಸುಣ್ಣದ ನೀರಿನಲ್ಲಿ ಕಡ್ಡಿ ಅದ್ದಿ, ನಾಗಪ್ಪನನ್ನೂ ಮರಿಗಳನ್ನೂ ಬರೆಯುತ್ತಿದ್ದಳು. ಪ್ರತಿ ವರ್ಷ ಹಳೆಯದರ ಮೇಲೆ ಕೆಮ್ಮಣ್ಣು, ಹೊಸ ನಾಗಪ್ಪ. ತೊಂಬತ್ತರ ದಶಕದ ಕೊನೆಯ ಒಂದು ಪಂಚಮಿ, ಕಡೆಯ ಮರಿಯ ಬಾಲ ಎಳೆಯುತ್ತಿದ್ದಾಗ ಕುಕ್ಕರ್ ಕೂಗಿತು. ಅವ್ವ ಬೆಚ್ಚಿದಳು, ಬಾಲ ಮೇಲಕ್ಕೆ ಹಾರಿತು.

"ಇರ್ಲಿ ಬಿಡವಾ, ಕುಕ್ಕರಿಗೆ ನಾಗಪ್ಪನೂ ಬೆದರ್ಯಾನ," ಎಂದು ನಕ್ಕಳು.

"ನಿನ್ನ ನೋಡಿ ಬೆದರಿರಬೇಕು ತಗೋ," ಎಂದರು ಅಪ್ಪ ಹೊರಗಿನಿಂದಲೇ.

ದಸರೆಯ ಹೊತ್ತಿಗೆ ಅವ್ವ ಇರಲಿಲ್ಲ. ಜ್ವರವೆಂದು ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ. ನಾನು ಅಳಲಿಲ್ಲ. ಮಾತಾಡಿಸಲು ಬಂದವರಿಗೆ ಚಾಪೆ ಹಾಸಿದೆ, ಹೋದಮೇಲೆ ಸುತ್ತಿಟ್ಟೆ, ಮತ್ತೆ ಹಾಸಿದೆ. ಗಟ್ಟಿ ಹುಡುಗಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಹಾಗಾಗಿ ಮುಂದಿನ ಪಂಚಮಿಗೆ ಆ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಅದರ ಬೆನ್ನಿಗೇ ಮನೆ ಯಾವುದೋ ಮಂಡಳಿಯ ಪಾಲಾಗಿ, ನಾವು ಬಿಬವೇವಾಡಿಯ ಫ್ಲಾಟಿಗೆ ಬಂದೆವು. ಅಲ್ಲಿ ಗೋಡೆಗೆಲ್ಲ ಡಿಸ್ಟೆಂಪರ್. ನಾನೂ ಏನೂ ಬರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಸ್ಮಾರಕ ತೆರೆದಿದೆಯೆಂದು ಕೇಳಿ ಅಪ್ಪ ಹಟ ಹಿಡಿದರು.

"ಆಕಿ ಬರದದ್ದು ಅದನೋ ಇಲ್ಲೋ ನೋಡ್ಬೇಕು. ಆಕಿ ಕೈಲೆ ಮಾಡಿದ್ದು ಮತ್ತೇನು ಉಳದದ?"

"ಕೆರದು ಹಾಕಿರ್ತಾರ್ರಿ ಅಪ್ಪಾ," ಎಂದೆ. ಆದರೂ ಹೋದೆವು.

ಮನೆ ತೋರಿಸುವ ಹೆಂಗಸು ಮರಾಠಿಯಲ್ಲಿ ಹೇಳುತ್ತ ಹೋದರು: ಬಾಡಿಗೆದಾರರ ಬಣ್ಣ, ಮೊಳೆ, ಹಲಗೆ ಎಲ್ಲ ಕಿತ್ತೆಸೆದು ಪಂಡಿತರ ಕಾಲದ್ದನ್ನಷ್ಟೇ ಉಳಿಸಿದ್ದಾರಂತೆ. ಅಡಿಗೆಮನೆಗೆ ಅಡ್ಡ ಹಗ್ಗ ಕಟ್ಟಿತ್ತು. ಆಚೆ, ಗಾಜಿನ ಹಿಂದೆ, ನಾಗಪ್ಪ. ಕಡೆಯ ಮರಿಯ ಬಾಲ ಮೇಲಕ್ಕೇ ಇತ್ತು.

"ಇದು ಪಂಡಿತರ ಹೆಂಡತಿ ಬರೆದದ್ದು. ಆ ಬಾಲದ ಬಳುಕು ನೋಡಿ, ಆಗಿನವರ ಕೈಗೆ ಮಾತ್ರ ಬರುತ್ತಿತ್ತು," ಎಂದರು.

ಅಪ್ಪನ ಮುಖ ಕೆಂಪಾಯಿತು. "ಯಾರ ಹೆಂಡ್ತಿ? ತಡಿ, ಈಗ ಹೇಳ್ತೀನಿ ಈಕೀಗೆ!" ಎಂದು ಕನ್ನಡದಲ್ಲಿ ಗುಡುಗಿದರು.

ನಾನು ತೋಳು ಹಿಡಿದೆ. "ಹೇಳಿದ್ರ ನಾಳೆ ಇದನ್ನೂ ಕೆರದು ಹಾಕ್ತಾರ್ರಿ."

ಅಪ್ಪ ಏನಂದರೆಂದು ಹೆಂಗಸು ಕೇಳಿದರು. ಭಾಳ ಚಂದ ಇದೆ ಅಂದರು ಎಂದು ನಾನು ಮರಾಠಿಯಲ್ಲಿ ಹೇಳಿದೆ. ಅಪ್ಪ ಚಪ್ಪಲಿ ಬಿಟ್ಟು, ಹಗ್ಗದ ಮುಂದೆ ನಿಂತು ಕೈ ಮುಗಿದರು. ಅವ್ವ ಇದ್ದಾಗ ಒಂದು ದಿನ ಚಲೋ ಬರದಿ ಎಂದವರಲ್ಲ.

ಆಗ ನನಗೆ ಅಳು ಬಂತು, ತಡೆಯಲಾಗದಷ್ಟು. ಪಂಡಿತರ ಹೆಂಡತಿಗಾಗಿ ಇಷ್ಟು ಅಳುವವರನ್ನು ಆ ಮನೆ ತೋರಿಸುವ ಹೆಂಗಸು ಎಂದೂ ನೋಡಿರಲಿಲ್ಲವೇನೋ, ಗಾಬರಿಯಾಗಿ ನೀರು ತರಲು ಓಡಿದರು.