ಎರಡು ಮೇಲೆ, ಎಂಟು ಕೆಳಗೆ

ತಪ್ಪು ಯಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬೆನ್ನ ಹಿಂದೆ ಗುಸುಗುಸು ಅನ್ನುವುದು ಬೇಡ. ಅರ್ಧ ನನ್ನದು, ಅರ್ಧ ನನ್ನ ಚಿಕ್ಕಪ್ಪನದು. ಉಳಿದವರೆಲ್ಲ ಸುಮ್ಮನೆ ನೋಡುತ್ತಿದ್ದರು, ಒಬ್ಬಳನ್ನು ಬಿಟ್ಟು.

ಚಿಕ್ಕಪ್ಪ ಪೈಲಟ್ ತರಬೇತಿ ಶಾಲೆಯಲ್ಲಿ ಸಿಮ್ಯುಲೇಟರ್ ಮೇಷ್ಟ್ರು. ಸಿಮ್ಯುಲೇಟರ್ ಎಂದರೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ವಿಮಾನದ ಮೂತಿ. ಒಳಗೆ ಎರಡು ಸೀಟು, ನೂರಾರು ಗುಂಡಿ, ಕಿಟಕಿಯ ಜಾಗದಲ್ಲಿ ಆಕಾಶ ತೋರಿಸುವ ಪರದೆ. ಹೊರಗೆ ಎಣ್ಣೆ ಸೋರುವ ಆರು ಕಾಲು, ಆ ಎಣ್ಣೆ ಹಿಡಿಯಲು ನಾನಿಟ್ಟ ಬಕೆಟ್ಟು. ಆ ಕಾಲು, ಆ ಬಕೆಟ್ಟು, ಒಳಗಿನ ತಂತಿಗಳೆಲ್ಲ ನನ್ನ ಸುಪರ್ದಿ. ನಾನು ಅಲ್ಲಿಯ ಟೆಕ್ನಿಷಿಯನ್. ಚಿಕ್ಕಪ್ಪನ ಶಿಫಾರಸಿನಿಂದ ಕೆಲಸ ಸಿಕ್ಕಿತು ಎನ್ನುವವರಿದ್ದಾರೆ. ಶಿಫಾರಸು ನಿಜ, ಆದರೆ ಬೆಸುಗೆ ಹಾಕುವುದು ನನ್ನ ಕೈ, ಶಿಫಾರಸಲ್ಲ.

ಚಿಕ್ಕಪ್ಪ ಕಲಿಸುವುದು ಒಂದೇ ಒಂದು ವಿದ್ಯೆ. ಹಳೆಯ ವಿಮಾನಗಳಲ್ಲಿ ಐಎನ್‌ಎಸ್ ಎಂಬ ಪೆಟ್ಟಿಗೆ ಇರುತ್ತದೆ. ಹೊರಗಿನ ಯಾವ ಸಂಕೇತವೂ ಅದಕ್ಕೆ ಬೇಡ. ಹೊರಟ ಜಾಗ ಹೇಳಿಬಿಟ್ಟರೆ ವಿಮಾನ ಎಷ್ಟು ತಿರುಗಿತು, ಎಷ್ಟು ಮುಂದೆ ಹೋಯಿತು ಎಂದು ತಾನೇ ಗ್ರಹಿಸಿಕೊಂಡು ದಾರಿ ತೋರಿಸುತ್ತದೆ. ಆದರೆ ಆ ದಾರಿಯ ಒಂದೊಂದು ತಿರುವನ್ನೂ, ಅವರ ಭಾಷೆಯಲ್ಲಿ ಒಂದೊಂದು ವೇಪಾಯಿಂಟನ್ನೂ, ಅಕ್ಷಾಂಶ ರೇಖಾಂಶದ ಅಂಕಿಗಳಲ್ಲಿ ನಾವೇ ಒತ್ತಿ ತುಂಬಬೇಕು. ಒಂದು ಸಲಕ್ಕೆ ಒಂಬತ್ತು. ತಪ್ಪು ತುಂಬಿದರೂ ಅದು ಚಕಾರ ಎತ್ತುವುದಿಲ್ಲ. "ಇಷ್ಟು ವಿಧೇಯವಾದ್ದು ಜಗತ್ತಲ್ಲಿ ಇನ್ನೊಂದಿಲ್ಲ, ಅದಕ್ಕೇ ಇದರ ಹತ್ರ ಹುಷಾರಾಗಿರಿ" ಎನ್ನುತ್ತಿದ್ದರು ಚಿಕ್ಕಪ್ಪ.

ಆದ್ದರಿಂದ ಅವರದೊಂದು ನಿಯಮ. ಒಬ್ಬರು ಅಂಕಿ ಒತ್ತಬೇಕು. ಪಕ್ಕದವರು, ಪೆಟ್ಟಿಗೆಯ ಮೇಲೆ ಏನು ಕಾಣುತ್ತಿದೆಯೋ ಅದನ್ನು ಗಟ್ಟಿಯಾಗಿ ಓದಬೇಕು. ಕಾಗದದಲ್ಲಿರುವುದಕ್ಕೆ ಸರಿಹೋದರೆ ಮಾತ್ರ, ಒತ್ತಿದ್ದನ್ನು ಪೆಟ್ಟಿಗೆಗೆ ಖಾಯಂ ಮಾಡುವ ಇನ್ಸರ್ಟ್ ಗುಂಡಿ. ಇದಕ್ಕೆ ಅವರಿಟ್ಟ ಹೆಸರು "ತಿರುಗಿ ಹೇಳೋದು". ಬೇರೆ ಕಡೆ ಚಿಕ್ಕವರು ತಿರುಗಿ ಹೇಳಿದರೆ ಬೈಗುಳ ಬೀಳುತ್ತದೆ. ಇವರ ತರಗತಿಯಲ್ಲಿ ತಿರುಗಿ ಹೇಳದಿದ್ದರೆ ಬೀಳುತ್ತಿತ್ತು.

ದಿನವಿಡೀ ಬಾಯಲ್ಲಿ ಡಿಗ್ರಿ, ನಿಮಿಷ, ಡಿಗ್ರಿ, ನಿಮಿಷ. ಹೀಗಾಗಿ ಶಾಲೆಯಲ್ಲಿ ಅವರ ಹೆಸರೇ ಡಿಗ್ರಿ ಸರ್ ಎಂದಾಯಿತು. ನಮ್ಮ ಬೀದಿಯವರು ಅದನ್ನು ಕೇಳಿಸಿಕೊಂಡು, ಈ ಮನುಷ್ಯ ಭಾರಿ ಓದಿರಬೇಕು ಎಂದು ತಿಳಿದು ಅರ್ಜಿ ಬರೆಸಿಕೊಳ್ಳಲು ಬರತೊಡಗಿದರು. ಚಿಕ್ಕಪ್ಪನ ಹತ್ತಿರ ಇಲ್ಲದೇ ಇದ್ದ ವಸ್ತು ಒಂದೇ, ಅದು ಡಿಗ್ರಿ. ಕೊನೆಯ ವರ್ಷದ ಗಣಿತ ಪರೀಕ್ಷೆಗೆ ಕೊಠಡಿ ಸಂಖ್ಯೆ ಹದಿನಾಲ್ಕು ಎಂದಿದ್ದುದನ್ನು ನಲವತ್ತೊಂದು ಎಂದು ಬರೆದುಕೊಂಡು ಹೋಗಿದ್ದರು. ನಲವತ್ತೊಂದರಲ್ಲಿ ಕೊಟ್ಟದ್ದು ಸಸ್ಯಶಾಸ್ತ್ರದ ಪ್ರಶ್ನೆಪತ್ರಿಕೆ. "ಈ ಸಲ ಸ್ವಲ್ಪ ಕಷ್ಟ ಕೊಟ್ಟಿದ್ದಾರೆ" ಎಂದುಕೊಂಡು ಅರ್ಧ ಗಂಟೆ ಕೂತಿದ್ದರಂತೆ. ಬೇರಿನ ಚಿತ್ರ ಬರೆಯಿರಿ ಎಂಬ ಪ್ರಶ್ನೆ ಬಂದ ಮೇಲೆಯೇ ಅನುಮಾನ ಹುಟ್ಟಿದ್ದು. ಅಷ್ಟರಲ್ಲಿ ಹದಿನಾಲ್ಕರ ಬಾಗಿಲು ಹಾಕಿತ್ತು. ಆ ನಾಚಿಕೆಗೆ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಅವತ್ತಿನಿಂದ ಯಾರು ಯಾವ ಅಂಕಿ ಹೇಳಿದರೂ ಎರಡು ಸಲ ಕೇಳಿಸಿಕೊಳ್ಳುವ ರೋಗ ಹಿಡಿಯಿತು.

ಆ ರೋಗದ ಪೂರ್ತಿ ಫಲ ಉಂಡವರು ಚಿಕ್ಕಮ್ಮ. ಅಂಗಡಿಗೆ ಹೊರಟರೆ ಬಾಗಿಲಲ್ಲಿ ತಡೆ.

"ಸೋಪು ಎರಡು, ಬೆಂಕಿಪೊಟ್ಣ ನಾಲ್ಕು. ತಿರುಗಿ ಹೇಳು."

"ತಿರುಗಿ ಹೇಳೋಕೆ ನಾನೇನು ಗಿಳೀನಾ? ಮೂವತ್ತು ವರ್ಷದಿಂದ ತರ್ತಾ ಇದೀನಿ, ಒಂದಿನ ಆದ್ರೂ ಸೋಪಿನ ಬದಲು ಇಟ್ಟಿಗೆ ತಂದಿದೀನಾ?"

ಹೀಗಿದ್ದ ಸಂಸಾರಕ್ಕೆ ಹೊಸ ಪ್ರಿನ್ಸಿಪಾಲರು ಬಂದರು; ಅಂದರೆ ಶಾಲೆಗೆ ಬಂದರು, ಬಿಸಿ ತಟ್ಟಿದ್ದು ನಮ್ಮ ಮನೆಗೆ. ದೊಡ್ಡ ವಿಮಾನ ಹಾರಿಸಿ ನಿವೃತ್ತರಾದವರು, ಮಾತು ಕಡಿಮೆ, ಇಸ್ತ್ರಿ ಜಾಸ್ತಿ. ಎಲ್ಲರ ಫೈಲು ತರಿಸಿಕೊಂಡು ಓದಿದರು. ಚಿಕ್ಕಪ್ಪನ ಫೈಲಿನಲ್ಲಿ ಪದವಿಯ ಕಾಲಂ ಖಾಲಿ. ಪದವಿ ಇಲ್ಲದವರು ಇನ್ನು ಮುಂದೆ ಕಲಿಸುವಂತಿಲ್ಲ, ಮುಂದಿನ ತಿಂಗಳಿಂದ ಬಿಡಿಭಾಗಗಳ ಸ್ಟೋರಿಗೆ ಹೋಗಬೇಕು ಎಂದರು. ಚಿಕ್ಕಪ್ಪ ಏನೋ ಹೇಳಹೋದರು. ಅದಕ್ಕೆ ಪ್ರಿನ್ಸಿಪಾಲರು, "ಗುರುವಾರ ನಿಮ್ಮ ಒಂದು ಕ್ಲಾಸ್ ನೋಡ್ತೀನಿ. ನೋಡಿ ಫೈಲಲ್ಲಿ ಬರೀತೀನಿ. ಅದೇ ಕೊನೆ ಮಾತು" ಎಂದರು.

ಚಿಕ್ಕಪ್ಪ ಬಂದು ಸಿಮ್ಯುಲೇಟರಿನ ಎಡಗಡೆ ಸೀಟಿನಲ್ಲಿ ಕೂತರು. ನಾನು ಕೆಳಗೆ ಬಕೆಟ್ಟು ಬದಲಿಸುತ್ತಿದ್ದೆ.

"ಸ್ಟೋರಲ್ಲೂ ಎಲ್ಲಾದಕ್ಕೂ ನಂಬರ್ ಇದೆ ಕಣೇ" ಎಂದರು. "ಆದರೆ ಸ್ಕ್ರೂಗಳು ತಿರುಗಿ ಹೇಳಲ್ಲ."

ನಗು ಬರಬೇಕಾಗಿತ್ತು. ಬರಲಿಲ್ಲ. ಈ ಮನುಷ್ಯನಿಂದ ಈ ಸೀಟು ಕಿತ್ತುಕೊಂಡರೆ ಆರು ತಿಂಗಳಲ್ಲಿ ಮುದುಕನಾಗಿಬಿಡುತ್ತಾನೆ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು.

ಇಂಥ ಹೊತ್ತಿಗೇ, ಬುಧವಾರ ಮಧ್ಯಾಹ್ನ, ಐಎನ್‌ಎಸ್‌ನ ಕೀಪ್ಯಾಡು ಕೈಕೊಟ್ಟಿತು. ಮೂರು ಗುಂಡಿ ಒಳಗೆ ಹೋದವು ಹೊರಗೆ ಬರಲಿಲ್ಲ. ಅದನ್ನು ತಯಾರಿಸುವವರೇ ಈಗ ಇಲ್ಲ. ಸ್ಟೋರು ಜಾಲಾಡಿ, ಲೆಕ್ಕ ಕೂಡುವ ಹಳೆಯದೊಂದು ಯಂತ್ರದ ಕೀಪ್ಯಾಡು ಬಿಚ್ಚಿ, ತಂತಿ ಜೋಡಿಸಿ ಕೂರಿಸಿದೆ. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಯಾರು ಬೇಕಾದರೂ ಬಂದು ನೋಡಲಿ. ಒಂದೇ ತೊಡಕು. ಐಎನ್‌ಎಸ್‌ನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲು. ನಾಲ್ಕು ದಿಕ್ಕುಗಳಿಗೂ ಅಂಕಿಗಳ ಗುಂಡಿಯನ್ನೇ ಒತ್ತುವುದು, ಥೇಟ್ ಭೂಪಟದ ಹಾಗೆ: ಮೇಲಿನ ಎರಡು ಉತ್ತರ, ಕೆಳಗಿನ ಎಂಟು ದಕ್ಷಿಣ, ಎಡಗಡೆಯ ನಾಲ್ಕು ಪಶ್ಚಿಮ, ಬಲಗಡೆಯ ಆರು ಪೂರ್ವ. ಕೂಡುವ ಯಂತ್ರದಲ್ಲಿ ಏಳು, ಎಂಟು, ಒಂಬತ್ತು ಮೇಲೆ. ಒಂದು, ಎರಡು, ಮೂರು ಕೆಳಗೆ. ಅಂದರೆ ಉತ್ತರ ಕೆಳಗೆ ಬಂತು, ದಕ್ಷಿಣ ಮೇಲೆ ಹೋಯಿತು.

ಸಂಜೆ ಚಿಕ್ಕಪ್ಪನಿಗೆ ತೋರಿಸಿ ಹೇಳಿದೆ. "ಎಂಟು ಮೇಲೆ, ಎರಡು ಕೆಳಗೆ. ತಿರುಗಿ ಹೇಳಿ."

"ಎಂಟು ಮೇಲೆ, ಎರಡು ಕೆಳಗೆ" ಎಂದರು, ಗಟ್ಟಿಯಾಗಿ, ನಿಯಮದ ಪ್ರಕಾರ. ಬಾಯಿ ತಿರುಗಿ ಹೇಳಿತು. ಬೆರಳುಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಗುರುವಾರ ಬೆಳಗ್ಗೆ ಹತ್ತಕ್ಕೆ ಪ್ರಿನ್ಸಿಪಾಲರು ಫೈಲು ಹಿಡಿದು ಬಂದು ಹಿಂದಿನ ಮಡಚು ಕುರ್ಚಿಯಲ್ಲಿ ಕೂತರು. ನನ್ನತ್ತ ನೋಡಿ, "ಕ್ಲಾಸ್ ನಡೀವಾಗ ಟೆಕ್ನಿಷಿಯನ್ ಬಾಯಿ ಹಾಕಬಾರದು" ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತೆ.

ಅವತ್ತಿನ ವಿದ್ಯಾರ್ಥಿನಿಗೆ ಇಡೀ ಶಾಲೆ ಇಟ್ಟ ಹೆಸರು ಪಿಸುಮಾತು. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು, ಆದರೆ ಗಂಟಲು ಮಾತ್ರ ಯಾರದೋ ಹತ್ತಿರ ಎರವಲು ತಂದ ಹಾಗೆ, ಎಲ್ಲಿ ಸವೆದುಹೋಗುತ್ತದೋ ಎಂದು ಉಳಿಸಿ ಉಳಿಸಿ ಬಳಸುವಳು. ನಾಲ್ಕು ತಿಂಗಳಿಂದ ಚಿಕ್ಕಪ್ಪ ಅವಳಿಗೆ "ಜೋರಾಗಿ!" ಎಂದು ಕೂಗಿ ಕೂಗಿ ತಮ್ಮ ಗಂಟಲನ್ನೇ ಕೆಡಿಸಿಕೊಂಡಿದ್ದರು.

ಅವಳು ಗುಂಡಿ ನೋಡಿ ನೋಡಿ ಒತ್ತುತ್ತ ಎಂಟು ವೇಪಾಯಿಂಟು ತುಂಬಿದಳು. ಒಂದೂ ತಪ್ಪಲಿಲ್ಲ. ಚಿಕ್ಕಪ್ಪನ ಮುಖ ಅರಳಿತು. ನನಗೂ ಉಸಿರು ಬಂತು.

ಆಗ ಪ್ರಿನ್ಸಿಪಾಲರು ಕಾಗದ ತೋರಿಸಿ, "ಒಂಬತ್ತನೇದು ನೀವು ಹಾಕಿ" ಎಂದರು.

ಮೊದಲು ಅಕ್ಷಾಂಶ: ಉತ್ತರ ನಲವತ್ತೈದು ಡಿಗ್ರಿ, ಆರು ದಶಾಂಶ ನಾಲ್ಕು ನಿಮಿಷ. ಚಿಕ್ಕಪ್ಪ ಒಂದು ಸಲ ಓದಿಕೊಂಡರು. ಆಮೇಲೆ, ಈ ವಯಸ್ಸಲ್ಲೂ ಇಷ್ಟು ಜಂಬ ಯಾಕೋ, ಪ್ರಿನ್ಸಿಪಾಲರ ಕಡೆ ಮುಖ ತಿರುಗಿಸಿ, ಅವರ ಕಣ್ಣನ್ನೇ ನೋಡುತ್ತ, ಕೀಪ್ಯಾಡನ್ನು ನೋಡದೆ ಒತ್ತತೊಡಗಿದರು. ಮೂವತ್ತು ವರ್ಷದ ಬೆರಳು ಉತ್ತರಕ್ಕೆಂದು ಮೇಲಿನ ಸಾಲಿನ ನಡುವಿನ ಗುಂಡಿಗೆ ಹೋಯಿತು. ಅಲ್ಲಿ ಕೂತಿದ್ದದ್ದು ಎಂಟು.

ಮುಂದಿನ ಅಂಕಿಗಳಾದರೂ ಎಡವಟ್ಟಾಗಿ ಅವರಿಗೇ ತಿಳಿಯಲಿ ಎಂದರೆ, ನಾಲ್ಕು, ಐದು, ಸೊನ್ನೆ, ಆರು, ನಾಲ್ಕು! ನಡುವಿನ ಸಾಲಿಗೂ ಸೊನ್ನೆಗೂ ಹಳೆಯ ಕೀಪ್ಯಾಡಿನಲ್ಲಿದ್ದ ಜಾಗವೇ ಹೊಸದರಲ್ಲೂ. ಎಲ್ಲ ಸರಿಯಾಗಿ ಬಿತ್ತು, ದಿಕ್ಕೊಂದು ಬಿಟ್ಟು. ಇನ್ಸರ್ಟ್ ಒತ್ತಿದರೆ ವಿಮಾನ ಹಿಂದಕ್ಕೆ ತಿರುಗಿ ಹತ್ತು ಸಾವಿರ ಕಿಲೋಮೀಟರ್ ದಕ್ಷಿಣಕ್ಕೆ ಹೊರಡುತ್ತದೆ, ಚಿಕ್ಕಪ್ಪ ಸ್ಟೋರಿಗೆ.

"ತಿರುಗಿ ಹೇಳಮ್ಮ" ಎಂದರು ಚಿಕ್ಕಪ್ಪ, ಇನ್ನೂ ಪ್ರಿನ್ಸಿಪಾಲರನ್ನೇ ನೋಡುತ್ತ. ಬೆರಳು ಇನ್ಸರ್ಟ್ ಮೇಲೆ.

ಪಿಸುಮಾತಿನ ತುಟಿ ಅಲುಗಿತು.

"ಜೋರಾಗಿ!"

ಮತ್ತೆ ಅಲುಗಿತು. ಈ ಸಲ ಒಂದಿಷ್ಟು ಗಾಳಿ ಬಂತು.

"ಜೋರಾಗಿ ಹೇಳಮ್ಮಾ, ಪೆಟ್ಟಿಗೆಗೆ ಕಿವಿ ಇಲ್ಲ, ನನಗಿದೆ!"

"ದಕ್ಷಿಣ ಅಂತ ಇದೆ ಸರ್!" ಎಂದು ಕಿರುಚಿ ಅವಳು ಚಿಕ್ಕಪ್ಪನ ಮಣಿಕಟ್ಟನ್ನೇ ಹಿಡಿದಳು. "ನೀವು ತಪ್ಪು ಒತ್ತಿದೀರಿ! ಇನ್ಸರ್ಟ್ ಮುಟ್ಟಬೇಡಿ!"

ಪಕ್ಕದ ಕೋಣೆಯಲ್ಲಿ ಟೀ ಕುಡಿಯುತ್ತಿದ್ದವರು ಏನಾಯಿತೆಂದು ಎದ್ದು ಬಂದರು. ಚಿಕ್ಕಪ್ಪ ತಿರುಗಿ ನೋಡಿದರು. ದಕ್ಷಿಣ ನಲವತ್ತೈದು. ಹದಿನಾಲ್ಕನ್ನು ನಲವತ್ತೊಂದು ಮಾಡಿದ ಹುಡುಗ ಮತ್ತೆ ಬಂದು ಆ ಸೀಟಿನಲ್ಲಿ ಕೂತಿದ್ದ.

ಇನ್ನು ತಡೆಯಲಾಗಲಿಲ್ಲ. "ಕೀಪ್ಯಾಡು ಬದಲಾಯಿಸಿದ್ದು ನಾನು, ತಪ್ಪು ನಂದು" ಎಂದೆ.

"ನಿನ್ನದಲ್ಲ" ಎಂದರು ಚಿಕ್ಕಪ್ಪ. "ನೀನು ಹೇಳಿದ್ದೆ. ತಪ್ಪು ನಂದೇ ಸರ್. ನೋಡದೆ ಒತ್ತಿದೆ." ನೂರು ಜನರ ಮುಂದೆ ಕೇಳಿದರೂ ಹಾಗೇ ಹೇಳುವ ಜಾತಿ ಅವರದು. ಆ ಗಳಿಗೆಯಲ್ಲಿ ಅವರ ಬಾಯಿ ಮುಚ್ಚಬೇಕು ಎನ್ನಿಸುವಷ್ಟು ನನಗೆ ಸಿಟ್ಟು ಬಂತು.

ಪ್ರಿನ್ಸಿಪಾಲರು ಪಿಸುಮಾತಿನ ಕಡೆ ತಿರುಗಿದರು. "ಪಾಠ ಹೇಳಿಕೊಡೋರ ಕೈ ಹಿಡಿದು ತಪ್ಪು ಅನ್ನೋಕೆ ಭಯ ಆಗ್ಲಿಲ್ವಾ?"

"ಆಯ್ತು ಸರ್." ಅವಳ ದನಿ ಆಗಲೇ ಹಳೆಯ ಜಾಗಕ್ಕೆ ಮರಳಿತ್ತು. "ಆದರೆ ಹೇಳದೇ ಇದ್ದಿದ್ರೆ ಇವರು ಬಯ್ತಿದ್ರು."

"ಅವರದೇ ತಪ್ಪಿಗಾ?"

"ಹೌದು ಸರ್. 'ನಾನು ಒತ್ತಿದರೂ ನಂಬಬೇಡ' ಅಂತ ದಿನಾ ಹೇಳ್ತಾರೆ."

ಪ್ರಿನ್ಸಿಪಾಲರು ಪೆಟ್ಟಿಗೆಯ ಕಡೆ ಬಗ್ಗಿ ಆ ಅಂಕಿಗಳನ್ನು ನೋಡಿದರು. ಆಮೇಲೆ, "ನಾನೂ ನೋಡ್ಲಿಲ್ಲ" ಎಂದರು, ಯಾರಿಗೆ ಹೇಳಿದರೋ. "ಇವರ ಮುಖ ನೋಡ್ತಾ ಇದ್ದೆ." ಕನ್ನಡಕ ಏರಿಸಿ, ಫೈಲನ್ನು ತೊಡೆಯ ಮೇಲಿಟ್ಟು ಬರೆದರು. ನಾಲ್ಕು ಸಾಲೂ ಇರಲಾರದು, ನನಗೆ ನಾಲ್ಕು ವರ್ಷ ಹಿಡಿದ ಹಾಗಾಯಿತು. ಬರೆದದ್ದನ್ನು ಚಿಕ್ಕಪ್ಪನ ಕೈಗೆ ಕೊಟ್ಟರು.

"ಓದಿಕೊಳ್ಳಿ. ಓದಿ, ತಿರುಗಿ ಹೇಳಿ."

ಚಿಕ್ಕಪ್ಪ ಓದಿಕೊಂಡರು. ತುಟಿ ಅಲುಗಿತು, ದನಿ ಬರಲಿಲ್ಲ. ಕೆಮ್ಮಿ ಮತ್ತೆ ಶುರುಮಾಡಿದರು, ಮತ್ತೆ ಬರೀ ಗಾಳಿ. ಕಣ್ಣು ತುಂಬಿಕೊಂಡು ಅಕ್ಷರ ಮಂಜಾಗಿದ್ದಿರಬೇಕು, ಕಾಗದವನ್ನು ದೂರ ಹಿಡಿದು ನೋಡಿದರು.

ಪಕ್ಕದ ಸೀಟಿನಿಂದ ಪಿಸುಮಾತು ಬಗ್ಗಿ ಹೇಳಿದಳು, "ಜೋರಾಗಿ ಸರ್."

"ಪದವಿ ಇಲ್ಲ" ಎಂದು ಓದಿದರು ಚಿಕ್ಕಪ್ಪ, ಇಡೀ ಶಾಲೆಗೆ ಕೇಳುವ ಹಾಗೆ. "ಇವರ ತಪ್ಪನ್ನು ಇವರ ವಿದ್ಯಾರ್ಥಿನಿ ಹಿಡಿದಳು. ಇವರನ್ನು ಈ ಸೀಟಿನಿಂದ ಕದಲಿಸಕೂಡದು."

"ಸರಿ ಇದೆ" ಎಂದು ಪ್ರಿನ್ಸಿಪಾಲರು ಸಹಿ ಹಾಕಿದರು.